ಒಬ್ಬ ಮಹಿಳೆ, ಹಲವು ಚಿತ್ರಗಳು: ಸ್ತನ ಚಿತ್ರಣದ ದಾಖಲೆಗಳು ಒಂದೆಡೆ ಸೇರಿದ ಚರಿತ್ರೆ

ಧಾರವಾಡಕ್ಕೂ ಹುಬ್ಬಳ್ಳಿಗೂ ಇರುವ ದೂರ ಸುಮಾರು 20 ಕಿಲೋಮೀಟರು. ಸ್ತನದಲ್ಲಿ ಗಂಟು ಕಾಣಿಸಿಕೊಂಡ ಮಹಿಳೆಯೊಬ್ಬಳು ಈ ದಾರಿಯನ್ನು ಹಲವು ಸಲ ಸವೆಸಬೇಕಾಗುತ್ತದೆ. ಒಂದು ಕಡೆ ಅಲ್ಟ್ರಾಸೌಂಡ್, ಇನ್ನೊಂದು ಕಡೆ ಮ್ಯಾಮೊಗ್ರಾಮ್, ಮತ್ತೊಂದು ಕಡೆ ಎಂ.ಆರ್.ಐ. ಹೋದಲ್ಲೆಲ್ಲ ಹೊಸ ನಂಬರು, ಹೊಸ ಲಕೋಟೆ. ಕೊನೆಗೆ ವರದಿ ಬರೆಯುವ ತಜ್ಞರು ಕೇಳುವ ಮೊದಲ ಮಾತು: ‘ಹಳೇ ಫಿಲ್ಮ್ ತಂದೀರೇನ್ರಿ?’

ಈ ಪ್ರಶ್ನೆ ಏಕೆ ಅಷ್ಟು ಮುಖ್ಯ? ಕಂಪ್ಯೂಟರುಗಳು ಬಂದ ಮೇಲೂ ಅದನ್ನು ಏಕೆ ಕೇಳಬೇಕಾಗಿದೆ? ಉತ್ತರಕ್ಕಾಗಿ ನಾವು ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

ನೆರಳಿನಲ್ಲಿ ನೆರಳು

1895ರಲ್ಲಿ ರಾಂಟ್‌ಜನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದರು. ಮೂಳೆಯ ಚಿತ್ರ ಕೂಡಲೇ ಸಾಧ್ಯವಾಯಿತು. ಸ್ತನದ್ದು ಅಷ್ಟು ಸುಲಭವಾಗಿರಲಿಲ್ಲ. ಏಕೆಂದರೆ ಕೊಬ್ಬು, ಹಾಲಿನ ಗ್ರಂಥಿ, ಗಡ್ಡೆ – ಈ ಮೂರೂ ಎಕ್ಸ್-ಕಿರಣಗಳನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೀರುತ್ತವೆ. 1913ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೋಮನ್, ಶಸ್ತ್ರಕ್ರಿಯೆಯಲ್ಲಿ ತೆಗೆದ ಸುಮಾರು 3000 ಸ್ತನಗಳ ಚಿತ್ರ ತೆಗೆದು ಅಭ್ಯಾಸ ಮಾಡಿದರು. 1930ರಲ್ಲಿ ಅಮೆರಿಕದ ರಾಚೆಸ್ಟರ್ ನಗರದ ಸ್ಟಾಫರ್ಡ್ ವಾರನ್ ಜೀವಂತ ರೋಗಿಗಳಲ್ಲಿ ಈ ಪರೀಕ್ಷೆ ನಡೆಸಿದರು. ಅವರದು ಸ್ಟೀರಿಯೊ ವಿಧಾನ. ಅಂದರೆ ತುಸು ಬೇರೆ ಕೋನಗಳಿಂದ ತೆಗೆದ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಿದಾಗ ಮಾತ್ರ ಆಳ ತಿಳಿಯುತ್ತದೆ. ಒಂದು ಚಿತ್ರ ಕಳೆದರೆ ಇನ್ನೊಂದರ ಬೆಲೆಯೂ ಕುಗ್ಗುತ್ತದೆ. ಚಿತ್ರಗಳನ್ನು ಗುಂಪಾಗಿ ಓದುವ ಪಾಠ ಅಲ್ಲಿಯೇ ಇತ್ತು.

ಉರುಗ್ವೆಯ ರೌಲ್ ಲೆಬೋರ್ನ್ 1940ರ ದಶಕದ ಕೊನೆಯಲ್ಲಿ ಸ್ತನವನ್ನು ಒತ್ತಿಹಿಡಿದು ಚಿತ್ರ ತೆಗೆಯುವುದರ ಮಹತ್ವವನ್ನೂ ಕ್ಯಾನ್ಸರಿನ ಸೂಚನೆಯಾಗಬಲ್ಲ ಸೂಕ್ಷ್ಮ ಸುಣ್ಣದ ಕಣಗಳನ್ನೂ ಎತ್ತಿ ತೋರಿಸಿದರು. 1960ರಲ್ಲಿ ಹ್ಯೂಸ್ಟನ್ನಿನ ರಾಬರ್ಟ್ ಈಗನ್, ಯಾರು ಬೇಕಾದರೂ ಅನುಸರಿಸಬಹುದಾದ ಕ್ರಮವನ್ನು ರೂಪಿಸಿದರು. ಅದೇ ದಶಕದಲ್ಲಿ ಫ್ರಾನ್ಸಿನ ಶಾರ್ಲ್ ಗ್ರೋ ಅವರ ಪ್ರಯತ್ನದಿಂದ ಮಾಲಿಬ್ಡಿನಮ್ ಗುರಿಫಲಕದ ವಿಶೇಷ ಯಂತ್ರ ಬಂತು. ಮಾಲಿಬ್ಡಿನಮ್ಮಿನ ವಿಶಿಷ್ಟ ಕಿರಣಗಳ ಶಕ್ತಿ 17.5 ಮತ್ತು 19.6 ಕಿಲೋ ಎಲೆಕ್ಟ್ರಾನ್ ವೋಲ್ಟ್. ಟಂಗ್‌ಸ್ಟನ್ನಿನದು 59ರ ಆಸುಪಾಸು. ಶಕ್ತಿ ಕಡಿಮೆಯಾದಷ್ಟೂ ದ್ಯುತಿವಿದ್ಯುತ್ ಪರಿಣಾಮದ ಪಾಲು ಹೆಚ್ಚುತ್ತದೆ, ಮೃದು ಅಂಗಾಂಶಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಸರಳ ಭೌತಶಾಸ್ತ್ರವೊಂದು ಹೀಗೆ ಎಷ್ಟೋ ಜೀವಗಳಿಗೆ ನೆರವಾಯಿತು.

ಆದರೂ ಎಲ್ಲ ಸ್ತನಗಳೂ ಒಂದೇ ರೀತಿ ಇರುವುದಿಲ್ಲ. ಒಬ್ಬಳಿಗೆ ಸಹಜವಾದ ನೆರಳು ಇನ್ನೊಬ್ಬಳಲ್ಲಿ ರೋಗದ ಗುರುತಾಗಬಹುದು. ಆದ್ದರಿಂದ ಒಬ್ಬ ಮಹಿಳೆಗೆ ಅತ್ಯುತ್ತಮ ಹೋಲಿಕೆ ಅವಳೇ: ಎಡಕ್ಕೆ ಬಲ, ಇಂದಿಗೆ ಅಂದು. ಈ ವರ್ಷ ಕಂಡ ಚುಕ್ಕೆ ಮೂರು ವರ್ಷದ ಹಿಂದೆಯೂ ಅಷ್ಟೇ ಇದ್ದರೆ ಬಹುಪಾಲು ಚಿಂತೆಯಿಲ್ಲ, ಸೂಜಿ ಚುಚ್ಚುವ ಬಯಾಪ್ಸಿ ತಪ್ಪೀತು. ಹಿಂದೆ ಇಲ್ಲದ್ದು ಈಗ ಇದ್ದರೆ ತಡಮಾಡುವಂತಿಲ್ಲ.

ಬೆಳಕಿನ ಪೆಟ್ಟಿಗೆಯಿಂದ ಪರದೆಗೆ

ಸಾಮಾನ್ಯ ಮ್ಯಾಮೊಗ್ರಾಮ್ ಎಂದರೆ ನಾಲ್ಕು ಚಿತ್ರಗಳು: ಪ್ರತಿ ಸ್ತನಕ್ಕೆ ಮೇಲಿನಿಂದ ಒಂದು, ಓರೆಯಾಗಿ ಒಂದು. ಫಿಲ್ಮಿನ ಕಾಲದಲ್ಲಿ ಸಿಬ್ಬಂದಿ ಇವನ್ನು ಬೆಳಕಿನ ಪೆಟ್ಟಿಗೆಗೆ ತೂಗುಹಾಕುತ್ತಿದ್ದರು. ಎಡ-ಬಲ ಬೆನ್ನಿಗೆ ಬೆನ್ನು. ಹಳೆಯ ಚಿತ್ರಗಳು ಹೊಸದರ ಜೊತೆಗೆ. ಗುಂಪು ಕಟ್ಟುವ ಕೆಲಸವನ್ನು ಮಾಡುತ್ತಿದ್ದುದು ಮನುಷ್ಯನ ಕೈ. ಇಂದಿನ ತಂತ್ರಾಂಶಗಳಲ್ಲಿ ಚಿತ್ರ ಜೋಡಿಸುವ ನಿಯಮಕ್ಕೆ ‘ಹ್ಯಾಂಗಿಂಗ್ ಪ್ರೋಟೋಕಾಲ್’ ಎಂಬ ಹೆಸರಿದೆ. ತೂಗುಹಾಕುವ ಫಿಲ್ಮು ಹೋಯಿತು, ಹೆಸರು ಉಳಿಯಿತು!

1983ರಲ್ಲಿ ಅಮೆರಿಕದ ರೇಡಿಯಾಲಜಿ ತಜ್ಞರ ಕಾಲೇಜು ಮತ್ತು ಯಂತ್ರ ತಯಾರಕರ ಸಂಘ ಸೇರಿ ಒಂದು ಸಮಿತಿ ರಚಿಸಿದವು. ಒಂದು ಕಂಪನಿಯ ಯಂತ್ರದ ಚಿತ್ರವನ್ನು ಇನ್ನೊಂದರ ಕಂಪ್ಯೂಟರು ಓದಬೇಕೆಂಬುದು ಅದರ ಗುರಿ. 1985ರಲ್ಲಿ ಮೊದಲ ಮಾನಕ ಬಂತು; 1993ರಲ್ಲಿ ಅದು ‘ಡೈಕಾಮ್’ ಎಂಬ ಹೆಸರು ಪಡೆಯಿತು. ಇದರಲ್ಲಿ ಮಾಹಿತಿಗೆ ನಾಲ್ಕು ಮೆಟ್ಟಿಲುಗಳು: ರೋಗಿ, ಅಧ್ಯಯನ, ಸರಣಿ, ಚಿತ್ರ. ಪ್ರತಿಯೊಂದು ಅಧ್ಯಯನಕ್ಕೂ ಜಗತ್ತಿನಲ್ಲಿ ಮತ್ತೆ ಬಾರದ, ಗರಿಷ್ಠ 64 ಅಕ್ಷರಗಳ ಗುರುತುಸಂಖ್ಯೆ. ಮ್ಯಾಮೊಗ್ರಫಿ, ಅಲ್ಟ್ರಾಸೌಂಡ್, ಎಂ.ಆರ್.ಗಳಿಗೆ ಎರಡೆರಡು ಅಕ್ಷರದ ಸಂಕೇತಗಳು.

ಅದೇ 1993ರಲ್ಲಿ ವರದಿಯ ಭಾಷೆಗೂ ಒಂದು ಶಿಸ್ತು ಬಂತು. ‘ಬೈ-ರ‍್ಯಾಡ್ಸ್’ ಎಂಬ ಆ ಪದ್ಧತಿಯಲ್ಲಿ ವರದಿಯ ಕೊನೆಗೆ ಒಂದು ಅಂಕಿ ಬರೆಯುತ್ತಾರೆ. ಇದರಲ್ಲಿ ‘0’ ಎಂದರೆ ರೋಗವಿಲ್ಲ ಎಂದಲ್ಲ. ತೀರ್ಮಾನಕ್ಕೆ ಇನ್ನಷ್ಟು ಚಿತ್ರ ಬೇಕು ಅಥವಾ ಹಳೆಯ ಚಿತ್ರ ಬೇಕು ಎಂದರ್ಥ. 2003ರ ನಾಲ್ಕನೆಯ ಆವೃತ್ತಿಯಲ್ಲಿ ಅಲ್ಟ್ರಾಸೌಂಡ್ ಮತ್ತು ಎಂ.ಆರ್.ಐ.ಗಳೂ ಸೇರಿದವು. ಹೀಗೆ ಮೂರೂ ಪರೀಕ್ಷೆಗಳನ್ನು ಒಂದೇ ಭಾಷೆಯಲ್ಲಿ ಹೇಳುವುದು ಸಾಧ್ಯವಾಯಿತು. ಈ ನಡುವೆ 2000ದಲ್ಲಿ ಅಮೆರಿಕದಲ್ಲಿ ಮೊದಲ ಪೂರ್ಣ ಡಿಜಿಟಲ್ ಮ್ಯಾಮೊಗ್ರಫಿ ಯಂತ್ರಕ್ಕೆ ಅನುಮತಿ ದೊರೆತಿತ್ತು.

ಈಗ ಒಂದು ಲೆಕ್ಕ ಮಾಡಿ. 24 ಸೆಂ.ಮೀ. × 29 ಸೆಂ.ಮೀ. ಚಿತ್ರವನ್ನು 70 ಮೈಕ್ರೊಮೀಟರಿನ ಚೌಕಗಳಾಗಿ ಒಡೆದು, ಪ್ರತಿ ಚೌಕಕ್ಕೆ ಎರಡು ಬೈಟ್ ಕೊಟ್ಟರೆ ಸುಮಾರು 28 ಮೆಗಾಬೈಟ್. ನಾಲ್ಕು ಚಿತ್ರಗಳಿಗೆ 110ಕ್ಕೂ ಹೆಚ್ಚು. ಒಂದು ಸಿ.ಡಿ.ಯಲ್ಲಿ ಆರು ಭೇಟಿಗಳ ಮ್ಯಾಮೊಗ್ರಾಮ್ ಹಿಡಿಸೀತು. ಅಂದಮೇಲೆ ಶೇಖರಣೆಯೊಂದೇ ತೊಡಕಲ್ಲ. ತೊಡಕು ಬೇರೆಡೆ ಇದೆ.

ಗುಂಪು ಕಟ್ಟುವುದು ಹೇಗೆ?

ಒಂದೇ ದಿನ, ಒಂದೇ ಆಸ್ಪತ್ರೆಯಲ್ಲಿ ಮ್ಯಾಮೊಗ್ರಾಮ್ ಮತ್ತು ಅಲ್ಟ್ರಾಸೌಂಡ್ ಆಯಿತೆನ್ನಿ. ವೈದ್ಯರ ದೃಷ್ಟಿಯಲ್ಲಿ ಅದು ಒಂದೇ ಪ್ರಶ್ನೆ. ತಂತ್ರಾಂಶದ ದೃಷ್ಟಿಯಲ್ಲಿ ಎರಡು ಕೋರಿಕೆ, ಎರಡು ಸಂಖ್ಯೆ. ಬೇರೆ ಬೇರೆ ವರದಿಯಾದರೆ ಒಂದು ‘ಇನ್ನೂ ನೋಡಬೇಕು’ ಎನ್ನುತ್ತದೆ, ಇನ್ನೊಂದು ‘ನೀರುಗುಳ್ಳೆ ಮಾತ್ರ’ ಎನ್ನುತ್ತದೆ. ಎರಡನ್ನೂ ಕೈಯಲ್ಲಿ ಹಿಡಿದ ಮಹಿಳೆ ಯಾವುದನ್ನು ನಂಬಬೇಕು? ಆದ್ದರಿಂದಲೇ ಇವನ್ನು ಒಂದು ಗುಂಪಾಗಿಸಿ ಒಂದೇ ತೀರ್ಮಾನ ಬರೆಯುವ ಸೌಲಭ್ಯ ತಂತ್ರಾಂಶದಲ್ಲಿ ಬೇಕು.

ಯಂತ್ರದ ಸಂಕೇತವನ್ನಷ್ಟೇ ನಂಬಿದರೆ ಅಲ್ಟ್ರಾಸೌಂಡ್ ಎಂಬ ಕಾರಣಕ್ಕೆ ಹೊಟ್ಟೆಯ ಚಿತ್ರವೂ ಬಂದು ಕೂರುತ್ತದೆ. ಅಂಗದ ಹೆಸರನ್ನು ನಂಬೋಣವೆಂದರೆ ಒಬ್ಬರು ‘ಬ್ರೆಸ್ಟ್’, ಇನ್ನೊಬ್ಬರು ‘ಸೋನೋ’ ಎಂದು ಟೈಪು ಮಾಡಿರುತ್ತಾರೆ. ಆದ್ದರಿಂದ ಯಂತ್ರ, ಅಂಗ, ದಿನಾಂಕ ಮೂರನ್ನೂ ಕೂಡಿಸಿ ನಿಯಮ ಮಾಡಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಮೊದಲ ಮೆಟ್ಟಿಲು, ರೋಗಿಯ ಗುರುತು. ನಮ್ಮ ಭಾಗದಲ್ಲಿ ಒಬ್ಬಳೇ ಹೆಣ್ಣುಮಗಳು ಮನೆಯಲ್ಲಿ ಗೌರವ್ವ, ಪಡಿತರ ಚೀಟಿಯಲ್ಲಿ ಗೌರಮ್ಮ, ಬ್ಯಾಂಕಿನಲ್ಲಿ ಗೌರಾಬಾಯಿ ಆಗಿರಬಹುದು. ಇಂಗ್ಲಿಷಿನಲ್ಲಿ ‘ಗೌ’ ಎಂಬ ಒಂದಕ್ಷರವನ್ನೇ ಮೂರು ಬಗೆಯಲ್ಲಿ ಬರೆಯುತ್ತಾರೆ. ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಗಂಡನ ಹೆಸರು. ಜನ್ಮದಿನವೋ, ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಜೂನ್ 1! ಅದೇ ಜನ್ಮದಿನ ಊರಿನ ಅರ್ಧ ಜನರದ್ದೂ ಹೌದು.

ಈ ಕಷ್ಟ ಹೊಸದಲ್ಲ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂಗವಾಗಿ 1982ರಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಜನಸಂಖ್ಯಾಧಾರಿತ ನೋಂದಣಿ ಆರಂಭವಾಯಿತು. ಹಲವು ಆಸ್ಪತ್ರೆಗಳಿಗೆ ಅಲೆದ ರೋಗಿಯನ್ನು ಒಂದೇ ಸಲ ಎಣಿಸಬೇಕು. ಅದಕ್ಕಾಗಿ ಸಿಬ್ಬಂದಿ ಹೆಸರು, ವಯಸ್ಸು, ವಿಳಾಸಗಳನ್ನು ತಾಳೆ ನೋಡಬೇಕಾಯಿತು. ಬೆಂಗಳೂರಿನ ಮಹಿಳೆಯರಲ್ಲಿ ಮೊದಲು ಗರ್ಭಕೊರಳಿನ ಕ್ಯಾನ್ಸರ್ ಮುಂದಿದ್ದು, ನಂತರ ಸ್ತನ ಕ್ಯಾನ್ಸರ್ ಮೊದಲ ಸ್ಥಾನಕ್ಕೆ ಬಂದ ಸಂಗತಿ ತಿಳಿದದ್ದು ಇಂಥ ತಾಳ್ಮೆಯ ಎಣಿಕೆಯಿಂದ.

ಬೆರೆಸುವುದು ಬೇರೆ, ಜೋಡಿಸುವುದು ಬೇರೆ

ಇಲ್ಲಿ ಒಂದು ಎಚ್ಚರ ಅಗತ್ಯ. ಒಬ್ಬಳ ಚಿತ್ರಗಳು ಬೇರೆ ಬೇರೆ ಉಳಿದರೆ ನಷ್ಟ. ಇಬ್ಬರ ಚಿತ್ರಗಳು ಒಂದಾದರೆ ಅನಾಹುತ. ಆರೋಗ್ಯವಂತಳ ಹಳೆಯ ಚಿತ್ರ ರೋಗಿಯ ಹೊಸ ಚಿತ್ರದ ಪಕ್ಕ ಬಂದರೆ ತಜ್ಞರ ಕಣ್ಣೂ ಮೋಸಹೋಗುತ್ತದೆ. ಆದ್ದರಿಂದ ಒಳ್ಳೆಯ ತಂತ್ರಾಂಶ ಮೂಲ ಅಧ್ಯಯನಗಳನ್ನು ಬೆರೆಸದೆ, ಅವುಗಳ ಗುರುತುಸಂಖ್ಯೆಗಳನ್ನು ಹಾಗೆಯೇ ಉಳಿಸಿ, ನಡುವೆ ಕೊಂಡಿ ಮಾತ್ರ ಹಾಕಬೇಕು. ತಪ್ಪೆಂದು ತಿಳಿದ ಕೂಡಲೇ ಕೊಂಡಿಯನ್ನು ಬಿಚ್ಚಲು ಬರಬೇಕು. ಸಂಶಯವಿದ್ದಲ್ಲಿ ಯಂತ್ರ ತಾನೇ ತೀರ್ಮಾನಿಸದೆ ಮನುಷ್ಯನನ್ನು ಕೇಳಬೇಕು.

ಭಾರತ ಸರ್ಕಾರ 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನಕಗಳಲ್ಲಿ ಡೈಕಾಮ್ ಸೇರಿದೆ. 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಚಾಲನೆ ಪಡೆದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಗಳ ‘ಆಭಾ’ ಸಂಖ್ಯೆ ನೀಡುತ್ತಿದೆ. ಇದು ಕಡ್ಡಾಯವಲ್ಲ. ಪ್ರತಿ ಕೇಂದ್ರವೂ ಚಿತ್ರದ ಜೊತೆ ಇಂಥ ಸಂಖ್ಯೆಯನ್ನು ಬರೆದರೆ ಗೌರವ್ವ-ಗೌರಮ್ಮರ ತೊಡಕು ಬಹಳಷ್ಟು ಬಗೆಹರಿಯುತ್ತದೆ.

ಅಲ್ಲಿಯವರೆಗೆ ಹೊಣೆ ನಮ್ಮ ಮೇಲೂ ಇದೆ. ನಿಮ್ಮ ಮನೆಯಲ್ಲಿ ತಾಯಿ, ಅಕ್ಕ, ಹೆಂಡತಿಯ ಹಳೆಯ ಚಿತ್ರಗಳಿದ್ದರೆ ಅಟ್ಟದ ಬಿಸಿಲಿಗೆ ಸುರುಳಿಯಾಗಲು ಬಿಡಬೇಡಿ. ಚಪ್ಪಟೆಯಾಗಿ, ತಂಪಾದ ಒಣ ಜಾಗದಲ್ಲಿಡಿ. ವರದಿಯ ಕಾಗದದ ಜೊತೆ ಡೈಕಾಮ್ ರೂಪದ ಸಿ.ಡಿ. ಅಥವಾ ಪೆನ್‌ಡ್ರೈವ್ ಪ್ರತಿಯನ್ನೂ ಕೇಳಿ ಪಡೆಯಿರಿ. ಪ್ರತಿ ಸಲವೂ ಒಂದೇ ಹೆಸರು, ಒಂದೇ ಕಾಗುಣಿತ, ಒಂದೇ ಜನ್ಮದಿನ ಬರೆಸಿ. ‘ಹಳೇ ಫಿಲ್ಮ್ ತಂದೀರೇನ್ರಿ?’ ಎಂದು ಕೇಳಿದಾಗ ಹೌದೆನ್ನಲು ಇಷ್ಟು ಸಾಕು.