ಪಾಠದಲ್ಲಿ ನಾನು ನುಂಗಿಕೊಂಡ ಮಾತು

ಈ ಬರಹದ ವಿಷಯವನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಗುವೂ, ಬಂಧುಗಳಲ್ಲಿ ಹಿರಿಯರಾದವರಿಗೆ ಸ್ವಲ್ಪ ಗಾಬರಿಯೂ ಆಗಬಹುದು. ಎಪ್ಪತ್ತೈದು ದಾಟಿದ ಮೇಲೆ ಮೇಷ್ಟ್ರು ಬಿಯರಿನ ಕಥೆ ಹೇಳಲು ಹೊರಟಿದ್ದಾರಲ್ಲ ಎಂದು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಾನು ಈವರೆಗೆ ಮದ್ಯ ಕುಡಿದವನಲ್ಲ. ಇನ್ನು ಮುಂದೆ ಕುಡಿಯುವ ಉದ್ದೇಶವೂ ಇಲ್ಲ. ಇದು ವಿಜ್ಞಾನದ ಇತಿಹಾಸದ ಒಂದು ಅಧ್ಯಾಯ. ಜೊತೆಗೆ ಒಂದು ತಪ್ಪೊಪ್ಪಿಗೆ.

1998ರ ಮಾತು. ಹತ್ತನೆಯ ತರಗತಿಗೆ ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ಸೊನ್ನೆಯಿಂದ ಹದಿನಾಲ್ಕರವರೆಗೆ ಉದ್ದನೆಯ ಗೆರೆ ಎಳೆದು, ಎಡಗಡೆ ನಿಂಬೆಹಣ್ಣು, ನಡುವೆ ಶುದ್ಧ ನೀರು, ಬಲಗಡೆ ಸುಣ್ಣದ ತಿಳಿ ಎಂದು ಬರೆದಿದ್ದೆ. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಈ ಪಿಎಚ್ ಅನ್ನೋದು ಮೊದಲು ಯಾರಿಗೆ ಬೇಕಾಯ್ತು? ಯಾಕೆ ಬೇಕಾಯ್ತು?" ಎಂದು ಕೇಳಿದ. ಸೂತ್ರವನ್ನು ಕೇಳುವ ಮಕ್ಕಳು ಬಹಳ; ಸೂತ್ರ ಏಕೆ ಹುಟ್ಟಿತೆಂದು ಕೇಳುವವರು ಅಪರೂಪ. "1909ರಲ್ಲಿ ಡೆನ್ಮಾರ್ಕಿನ ಸೋರೆನ್ಸನ್ ಎಂಬ ವಿಜ್ಞಾನಿ, ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ" ಎಂದಷ್ಟೇ ಹೇಳಿ ಮುಂದಿನ ಸಾಲಿಗೆ ಹೋದೆ. ಆ ಪ್ರಯೋಗಾಲಯ ಬಿಯರ್ ತಯಾರಿಸುವ ಕಾರ್ಖಾನೆಗೆ ಸೇರಿದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಏಕೆ ನುಂಗಿಕೊಂಡೆ ಎಂಬುದನ್ನು ನನ್ನ ಬಂಧುಗಳು ಊಹಿಸಬಲ್ಲರು. ನನ್ನ ದೊಡ್ಡಪ್ಪ ಊರಿನಲ್ಲಿ ಲೆಕ್ಕಪತ್ರಕ್ಕೆ ಹೆಸರಾದವರು. ಅಷ್ಟೇ ಚೆನ್ನಾಗಿ ಹಾಡುತ್ತಿದ್ದವರು. ಸಾರಾಯಿ ಅವರ ಕೈಯಿಂದ ಮೊದಲು ಹೊಲವನ್ನೂ, ಆಮೇಲೆ ಲೆಕ್ಕವನ್ನೂ, ಕೊನೆಗೆ ಹಾಡನ್ನೂ ಕಿತ್ತುಕೊಂಡಿತು. ಅವರು ತೀರಿಕೊಂಡಾಗ ನಾನು ಹತ್ತನೆಯ ತರಗತಿಯಲ್ಲಿದ್ದೆ. ಮುಂದೆ ನಾನು ಪಾಠ ಹೇಳಿದ ಮಕ್ಕಳಲ್ಲಿ ಹಲವರ ಮನೆಯ ಸ್ಥಿತಿಯೂ ಬೇರೆಯಾಗಿರಲಿಲ್ಲ. ಆಗ ಪೊಟ್ಟಣದ ಸಾರಾಯಿ ಹಳ್ಳಿಹಳ್ಳಿಯಲ್ಲಿ ಸಿಗುತ್ತಿತ್ತು; ಕರ್ನಾಟಕದಲ್ಲಿ ಅದರ ಮಾರಾಟ ನಿಂತದ್ದು 2007ರ ಜುಲೈ 1ರಿಂದ. ಅಂಥ ಮಕ್ಕಳ ಮುಂದೆ ಮದ್ಯದ ಕಾರ್ಖಾನೆಯೊಂದು ವಿಜ್ಞಾನಕ್ಕೆ ಉಪಕಾರ ಮಾಡಿತೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಬೆಂಗಳೂರಿನಲ್ಲಿ ಬಿಯರ್ ತಯಾರಿಸುವವನು. 2010ರ ಆಸುಪಾಸಿನಿಂದ ನಗರದಲ್ಲಿ ಸ್ಥಳದಲ್ಲೇ ಬಿಯರ್ ತಯಾರಿಸಿ ಬಡಿಸುವ ಸಣ್ಣ ಕಟ್ಟೆಗಳು ಆರಂಭವಾದುವಷ್ಟೆ. ಅಂಥದ್ದೊಂದರಲ್ಲಿ ಅವನ ಕೆಲಸ. ಕಳೆದ ವರ್ಷ ಮನೆಗೆ ಬಂದವನು, "ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಒಮ್ಮೆ ಬನ್ನಿ ಸಾರ್, ನಿಮ್ಮ ಪಾಠವೇ ಅಲ್ಲಿದೆ" ಎಂದು ಒತ್ತಾಯಿಸಿದ. ಒಂದು ಸೋಮವಾರ ಬೆಳಿಗ್ಗೆ ಹೋದೆ.

ಮೊದಲು ಅವನು ನನ್ನ ಅಂಗೈಗೆ ಒಂದು ಹಿಡಿ ಕಾಳು ಹಾಕಿದ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಎಂದರೆ ಜವೆಗೋಧಿ. ಅಗಿದರೆ ಸಿಹಿ. ಮೊಳಕೆ ಒಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಹಿಟ್ಟಿನ ಅಂಶವನ್ನು ಸಕ್ಕರೆಯಾಗಿ ಒಡೆಯುತ್ತವೆ. ನಮ್ಮ ತಾಯಂದಿರು ಎಳೆಯ ಮಕ್ಕಳಿಗಾಗಿ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಗಂಜಿ ಮಾಡುವುದು ಇದೇ ತತ್ತ್ವದಿಂದ. ಬಿಯರ್ ಮಾಡುವವರು ಆ ಸಿಹಿ ನೀರನ್ನು ಸೋಸಿ, ಹಾಪ್ ಎಂಬ ಬಳ್ಳಿಯ ಕಹಿ ಹೂಗಳೊಡನೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ಮೂಲ ಸಾಮಗ್ರಿ ನಾಲ್ಕೇ. ಆದರೂ ರುಚಿಗಳು ನೂರಾರು ಹೇಗಾದುವು?

ಅದಕ್ಕೆ ಉತ್ತರವಾಗಿ ಅವನು ಮೇಜಿನ ಮೇಲೆ ನಾಲ್ಕು ಪುಟ್ಟ ಲೋಟಗಳನ್ನು ಇಟ್ಟ. "ಕುಡಿಯೋದು ಬೇಡ ಸಾರ್, ಮೂಸಿ ನೋಡಿ. ನಮ್ಮ ಅರ್ಧ ಕೆಲಸ ಮೂಗಿನಲ್ಲೇ ನಡೆಯೋದು" ಎಂದ.

ಮೊದಲನೆಯದು ಮಬ್ಬಾದ ಹಳದಿ ಬಣ್ಣದ, ಗೋಧಿ ಬೆರೆಸಿ ಮಾಡಿದ ಬಿಯರ್. ಮೂಗಿಗೆ ಹಿಡಿದರೆ ಮಾಗಿದ ಬಾಳೆಹಣ್ಣಿನ ವಾಸನೆ! ಹಣ್ಣಿನ ರಸವನ್ನೇನೂ ಹಾಕಿರಲಿಲ್ಲ. "ಎಸ್ಟರ್ ಸಾರ್, ಐಸೊಅಮೈಲ್ ಅಸಿಟೇಟ್" ಎಂದು ಅವನೇ ನನಗೆ ಪಾಠ ಒಪ್ಪಿಸಿದ. ಅದನ್ನು ಉಂಟುಮಾಡುವುದು ಯೀಸ್ಟ್. 1516ರಲ್ಲಿ ಬವೇರಿಯಾದ ದೊರೆಗಳು ಹೊರಡಿಸಿದ ಪ್ರಸಿದ್ಧ ಕಟ್ಟಳೆಯಲ್ಲಿ ಬಿಯರಿಗೆ ಬಾರ್ಲಿ, ಹಾಪ್, ನೀರು ಈ ಮೂರನ್ನು ಮಾತ್ರ ಬಳಸಬೇಕೆಂದಿತ್ತು. ಯೀಸ್ಟಿನ ಹೆಸರೇ ಇಲ್ಲ. ಅದೊಂದು ಜೀವಿಯೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಹುದುಗುವಿಕೆ ಜೀವಿಗಳ ಕೆಲಸವೆಂದು ಜಗತ್ತನ್ನು ಒಪ್ಪಿಸಿದವನು ಲೂಯಿ ಪಾಶ್ಚರ್. 1870–71ರ ಯುದ್ಧದಲ್ಲಿ ಜರ್ಮನರಿಗೆ ಸೋತ ಫ್ರಾನ್ಸ್, ಬಿಯರಿನಲ್ಲಾದರೂ ಅವರನ್ನು ಮೀರಿಸಲೆಂಬ ದೇಶಾಭಿಮಾನದಿಂದ ಅವನು ಬಿಯರ್ ಕೆಡುವುದೇಕೆಂದು ಹುಡುಕತೊಡಗಿದ. 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಕಾರ್ಖಾನೆಗೆ ಹೋಗಿ, ಅಲ್ಲಿನ ಯೀಸ್ಟಿನಲ್ಲಿ ಬೇರೆ ಸೂಕ್ಷ್ಮಜೀವಿಗಳು ಸೇರಿರುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟ. ಬಿಯರನ್ನು ಕುರಿತ ಅವನ ಗ್ರಂಥ 1876ರಲ್ಲಿ ಹೊರಬಂತು. ಹದವಾಗಿ ಬಿಸಿಮಾಡಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಅವನ ವಿಧಾನ ಮೊದಲು ದ್ರಾಕ್ಷಾಮದ್ಯಕ್ಕೂ ಬಿಯರಿಗೂ ಬಂದು, ಹಾಲಿಗೆ ಬಂದದ್ದು ಅನಂತರ. ದಿನಾ ಬೆಳಿಗ್ಗೆ ನಾನು ಕತ್ತರಿಸುವ ಹಾಲಿನ ಪೊಟ್ಟಣದ ಮೇಲೆ ಇರುವುದು ಅವನದೇ ಹೆಸರು.

ಎರಡನೆಯದು ತಾಮ್ರದ ಬಣ್ಣದ್ದು. ಕಿತ್ತಳೆಯ ಸಿಪ್ಪೆಯನ್ನು ಜಜ್ಜಿದಂಥ ಘಮ, ಹಿಂದೆಯೇ ಕಹಿಯ ಸೂಚನೆ. ಇದರ ಹೆಸರಿನಲ್ಲೇ ನಮ್ಮ ದೇಶವಿದೆ: ಇಂಡಿಯಾ ಪೇಲ್ ಏಲ್. ಇಂಗ್ಲೆಂಡಿನಿಂದ ಹೊರಟ ಹಡಗು ಆಫ್ರಿಕಾವನ್ನು ಸುತ್ತಿ ಭಾರತಕ್ಕೆ ಬರಲು ನಾಲ್ಕರಿಂದ ಆರು ತಿಂಗಳು ಬೇಕಾಗುತ್ತಿತ್ತು. ಸಮಭಾಜಕವೃತ್ತವನ್ನು ಎರಡು ಸಲ ದಾಟಬೇಕಿತ್ತು. ಹಾಪ್ ಹೂವಿಗೆ ಬಿಯರ್ ಕೆಡದಂತೆ ತಡೆಯುವ ಗುಣವಿರುವುದರಿಂದ, ಅದನ್ನು ಧಾರಾಳವಾಗಿ ಹಾಕಿದ ಬಿಯರ್ ಈ ಪ್ರಯಾಣವನ್ನು ತಾಳಿಕೊಂಡಿತು. ಮೊದಲು ಈ ವ್ಯಾಪಾರ ಲಂಡನ್ನಿನ ಹಾಜ್ಸನ್ ಎಂಬವರ ಕೈಯಲ್ಲಿತ್ತು. 1820ರ ದಶಕದಲ್ಲಿ ಬರ್ಟನ್ ಎಂಬ ಊರಿನವರು ಮುಂದೆ ಬಂದರು. ಅವರ ಗೆಲುವಿನ ಗುಟ್ಟು ಬಾವಿಯಲ್ಲಿತ್ತು. ಬರ್ಟನ್ನಿನ ನೀರಿನಲ್ಲಿ ಜಿಪ್ಸಮ್, ಎಂದರೆ ಕ್ಯಾಲ್ಸಿಯಂ ಸಲ್ಫೇಟ್ ಹೇರಳ. ನೆನಪಿದೆಯೇ? ಕುದಿಸಿದರೂ ಹೋಗದ ಶಾಶ್ವತ ಗಡಸುತನ! ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ನೀವು ಬರೆಯುತ್ತಿದ್ದ ಆ ಗಡಸುತನವೇ ಹಾಪ್ ಹೂವಿನ ಕಹಿಯನ್ನು ಒಗರಿಲ್ಲದೆ ಸ್ಫುಟವಾಗಿ ಎತ್ತಿ ತೋರಿಸುತ್ತಿತ್ತು.

1809ರಲ್ಲಿ ಬೆಂಗಳೂರಿನ ದಂಡುಪ್ರದೇಶ ಸ್ಥಾಪನೆಯಾದ ಮೇಲೆ ಇಲ್ಲಿನ ಬಿಳಿಯ ಸಿಪಾಯಿಗಳಿಗೂ ಬಿಯರ್ ಬೇಕಾಯಿತು. ದಕ್ಷಿಣ ಭಾರತದಲ್ಲೇ ಕಾರ್ಖಾನೆಗಳು ಹುಟ್ಟಿದುವು. ಅವುಗಳಲ್ಲಿ ಐದನ್ನು ಒಂದುಗೂಡಿಸಿ 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ಯುನೈಟೆಡ್ ಬ್ರೂವರೀಸ್ ಕಟ್ಟಿದ.

ಇಂಗ್ಲೆಂಡಿನ ಮಾತು ಬಂದಾಗ ಇನ್ನೊಬ್ಬನನ್ನು ನೆನೆಯಲೇಬೇಕು. ಕೆಲಸ ಮತ್ತು ಶಕ್ತಿಯ ಏಕಮಾನ ಯಾವುದೆಂದರೆ ಇಡೀ ತರಗತಿ "ಜೌಲ್" ಎಂದು ಕೂಗುತ್ತಿತ್ತು. ಆ ಜೇಮ್ಸ್ ಜೌಲ್ 1818ರಲ್ಲಿ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡಿನಲ್ಲಿ ಹುಟ್ಟಿದ, ಬಿಯರ್ ತಯಾರಕನ ಮಗ. ಮನೆಯ ಕಾರ್ಖಾನೆಯಲ್ಲೇ ದುಡಿದವನು. ಬಿಯರ್ ಮಾಡುವವನಿಗೆ ಉಷ್ಣತೆಯ ಲೆಕ್ಕ ತಪ್ಪಿದರೆ ಇಡೀ ಕೊಪ್ಪರಿಗೆ ನಷ್ಟ. 1840ರ ದಶಕದಲ್ಲಿ ಅವನು ಬೀಳುವ ತೂಕಗಳಿಂದ ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸಿ, ನೀರು ಬಿಸಿಯಾಗುವುದನ್ನು ಅಳೆದ. ಏರಿಕೆ ಒಂದು ಡಿಗ್ರಿಗಿಂತಲೂ ಕಡಿಮೆ. ಅಷ್ಟು ಸೂಕ್ಷ್ಮವಾಗಿ ಅಳೆಯಬಹುದೆಂದೇ ಅಂದಿನ ಹಲವು ಪಂಡಿತರು ನಂಬಲಿಲ್ಲ.

ಮೂರನೆಯ ಲೋಟ ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು. ವಾಸನೆಯೂ ಹುರಿದ ಕಾಫಿಬೀಜದ್ದೇ. ಇದು ಸ್ಟೌಟ್, ಲಂಡನ್ನಿನ ಪೋರ್ಟರ್ ಎಂಬ ಕಪ್ಪು ಬಿಯರಿನ ವಂಶದ್ದು. ಲಂಡನ್ನಿನ ನೀರಿನದು ಬೈಕಾರ್ಬೊನೇಟಿನ ತಾತ್ಕಾಲಿಕ ಗಡಸುತನ. ಅದು ತಿಳಿಬಣ್ಣದ ಬಿಯರನ್ನು ಕೆಡಿಸುತ್ತದೆ. ಚೆನ್ನಾಗಿ ಹುರಿದ ಕಪ್ಪು ಕಾಳಿನ ಆಮ್ಲಗುಣ ಅದನ್ನು ಸರಿದೂಗಿಸಬಲ್ಲುದು. ರಸಾಯನಶಾಸ್ತ್ರ ತಿಳಿಯುವ ಮುನ್ನವೇ ಜನ ತಮ್ಮೂರಿನ ನೀರಿಗೆ ಒಪ್ಪುವ ಬಣ್ಣವನ್ನು ಕಂಡುಕೊಂಡಿದ್ದರು.

ಸ್ಟೌಟಿನಿಂದ ಜಗತ್ಪ್ರಸಿದ್ಧವಾದ ಊರು ಡಬ್ಲಿನ್. ಅಲ್ಲಿನ ಗಿನ್ನೆಸ್ ಕಾರ್ಖಾನೆಗೆ 1899ರಲ್ಲಿ ವಿಲಿಯಂ ಗಾಸೆಟ್ ಎಂಬ ತರುಣ ಕೆಲಸಕ್ಕೆ ಸೇರಿದ. ಬಾರ್ಲಿಯ ತಳಿಗಳಲ್ಲಿ ಯಾವುದು ಮೇಲು ಎಂದು ತೀರ್ಮಾನಿಸಲು ಅವನ ಕೈಯಲ್ಲಿದ್ದದ್ದು ಕೆಲವೇ ಮಾದರಿಗಳು. ಅಷ್ಟು ಕಡಿಮೆ ಮಾದರಿಗಳ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಗೆ ಅವನು ಕಂಡ ಉತ್ತರ ಇಂದು ಕೃಷಿ ಸಂಶೋಧನೆಯಿಂದ ಔಷಧ ಪರೀಕ್ಷೆಯವರೆಗೆ ಎಲ್ಲೆಡೆ ಬಳಕೆಯಲ್ಲಿದೆ. ನೌಕರರು ಸ್ವಂತ ಹೆಸರಿನಲ್ಲಿ ಪ್ರಬಂಧ ಪ್ರಕಟಿಸಲು ಕಾರ್ಖಾನೆ ಬಿಡುತ್ತಿರಲಿಲ್ಲವಾಗಿ, 1908ರಲ್ಲಿ ಅವನು ಅದನ್ನು ಗುಪ್ತನಾಮದಲ್ಲಿ ಪ್ರಕಟಿಸಿದ. ಆ ಗುಪ್ತನಾಮ "ಸ್ಟೂಡೆಂಟ್". ಲೋಕಕ್ಕೆಲ್ಲ ಪಾಠ ಹೇಳಿದವನು ತನ್ನನ್ನು ವಿದ್ಯಾರ್ಥಿಯೆಂದು ಕರೆದುಕೊಂಡದ್ದು ನನ್ನಂಥ ಮೇಷ್ಟ್ರಿಗೆ ಬಹಳ ಹಿಡಿಸಿದ ಸಂಗತಿ.

ನಾಲ್ಕನೆಯದು ಹೊಂಬಣ್ಣದ, ಕನ್ನಡಿಯಷ್ಟು ತಿಳಿಯಾದ ಬಿಯರ್. ಒಣಹುಲ್ಲಿನ, ಹೂವಿನ ಮೆಲುವಾಸನೆ. ಬೊಹೀಮಿಯಾದ ಪಿಲ್ಸೆನ್ ಎಂಬ ಊರಿನಲ್ಲಿ 1838ರಲ್ಲಿ ಕೆಟ್ಟುಹೋದ 36 ಪೀಪಾಯಿ ಬಿಯರನ್ನು ಬೀದಿಗೆ ಸುರಿದರಂತೆ. ಆಮೇಲೆ ಊರವರೇ ಸೇರಿ ಹೊಸ ಕಾರ್ಖಾನೆ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬವನನ್ನು ಕರೆಸಿದರು. 1842ರಲ್ಲಿ ಅವನು ಅಲ್ಲಿನ ಅತಿ ಮೆದುವಾದ ನೀರಿನಿಂದ ಈ ಬಂಗಾರದ ಬಣ್ಣವನ್ನು ತೆಗೆದ. ಇಂದು ಜಗತ್ತಿನಲ್ಲಿ ಮಾರಾಟವಾಗುವ ಬಿಯರಿನ ಬಹುಭಾಗ ಇದರ ಸಂತತಿ.

ತಂಪಿನಲ್ಲಿ ನಿಧಾನವಾಗಿ ಹುದುಗುವ ಈ ಬಗೆಯ ಬಿಯರನ್ನು ಕೋಪನ್‌ಹೇಗನ್ನಿನಲ್ಲಿ ತಯಾರಿಸುತ್ತಿದ್ದವನು ಯಾಕಬ್ಸನ್. ಮಗನ ಹೆಸರಿನಿಂದ ಅವನ ಕಾರ್ಖಾನೆ ಕಾರ್ಲ್ಸ್‌ಬರ್ಗ್ ಆಯಿತು. 1875ರಲ್ಲಿ ಅವನು ಅಲ್ಲೊಂದು ಪ್ರಯೋಗಾಲಯ ಸ್ಥಾಪಿಸಿ, ಅಲ್ಲಿ ಕಂಡುಕೊಂಡದ್ದನ್ನು ಗುಟ್ಟಾಗಿಡಬಾರದೆಂದು ನಿಯಮ ಮಾಡಿದ. 1883ರಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ಒಂದು ಯೀಸ್ಟ್ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿದಾಗ, ಯಾಕಬ್ಸನ್ ಅದನ್ನು ತನ್ನ ಪ್ರತಿಸ್ಪರ್ಧಿಗಳಿಗೂ ಪುಕ್ಕಟೆಯಾಗಿ ಹಂಚಿದ. ಅದೇ ಪ್ರಯೋಗಾಲಯದಲ್ಲಿ ಸೋರೆನ್ಸನ್ ಕಿಣ್ವಗಳನ್ನು ಅಭ್ಯಾಸ ಮಾಡುತ್ತಿದ್ದ. ಆಮ್ಲತೆ ಚೂರು ಬದಲಾದರೂ ಕಿಣ್ವಗಳ ನಡತೆ ಬದಲಾಗುತ್ತಿತ್ತು. ಹೈಡ್ರೋಜನ್ ಅಯಾನುಗಳ ಪ್ರಮಾಣವನ್ನು ಸೊನ್ನೆಗಳ ಸಾಲಿಲ್ಲದೆ ಸಣ್ಣ ಅಂಕಿಯಲ್ಲಿ ಬರೆಯುವ ದಾರಿ ಅವನಿಗೆ ಬೇಕಾಗಿತ್ತು. 1909ರಲ್ಲಿ ಪಿಎಚ್ ಹುಟ್ಟಿದ್ದು ಹೀಗೆ. ಇಂದು ರಕ್ತಪರೀಕ್ಷೆಯಲ್ಲೂ ಹೊಲದ ಮಣ್ಣಿನ ಪರೀಕ್ಷೆಯಲ್ಲೂ ಅದಿದೆ.

ಲೋಟವನ್ನು ಕೆಳಗಿಟ್ಟೆ. "ಸಾರ್, ಅವತ್ತು ಪ್ರಯೋಗಾಲಯ ಅಂದ್ರಲ್ಲ, ಯಾವುದು ಅಂತ ನಿಮಗೆ ಗೊತ್ತಿತ್ತಾ?" ಎಂದು ಕೇಳಿದ. ಇಪ್ಪತ್ತು ವರ್ಷದ ಮೇಲಿನ ಪ್ರಶ್ನೆ ಮರೆತಿರಲಿಲ್ಲ.

"ಗೊತ್ತಿತ್ತಪ್ಪ. ಬೇಕೆಂದೇ ಬಿಟ್ಟೆ" ಎಂದೆ.

ಕೋಪವಾಗಲಿ ನಗುವಾಗಲಿ ಅವನ ಮುಖದಲ್ಲಿ ಕಾಣಲಿಲ್ಲ. ಸ್ವಲ್ಪ ಹೊತ್ತು ಲೋಟಗಳನ್ನು ಒರೆಸುತ್ತಿದ್ದು, ಆಮೇಲೆ ಹೇಳಿದ: "ನಮ್ಮಪ್ಪ ಹೋದದ್ದು ಕುಡಿದೇ ಅಲ್ವಾ ಸಾರ್. ನಾನು ಏನು ಕೆಲಸ ಮಾಡ್ತೀನಿ ಅಂತ ಅಮ್ಮ ಕೇಳಿದ್ರೆ ಇವತ್ತಿಗೂ ಫ್ಯಾಕ್ಟರಿ ಅಂತೀನಿ."

ನನ್ನ "ಪ್ರಯೋಗಾಲಯ", ಅವನ "ಫ್ಯಾಕ್ಟರಿ". ಎರಡೂ ಸುಳ್ಳಲ್ಲ; ಎರಡೂ ನಿಜವೂ ಅಲ್ಲ. ಅಮ್ಮನಿಗೆ ಹೇಳು ಎನ್ನುವ ಹಕ್ಕು ನನಗಿರಲಿಲ್ಲ. ಹೇಳಬೇಡ ಎನ್ನಲೂ ಮನಸ್ಸು ಬರಲಿಲ್ಲ. ಅವನು ನನ್ನನ್ನು ಬಸ್ಸಿನವರೆಗೆ ಬಿಟ್ಟು ಹೋದ. ಹೆಸರು ಹಾಕದಿದ್ದರೆ ಬರೆಯಬಹುದೆಂದು ಒಪ್ಪಿಗೆಯನ್ನೂ ಕೊಟ್ಟಿದ್ದಾನೆ.

ಮದ್ಯದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆರೋಗ್ಯಕ್ಕೆ ಅಪಾಯವಿಲ್ಲದ ಪ್ರಮಾಣವೆಂಬುದು ಮದ್ಯಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರ ಜನವರಿಯಲ್ಲಿ ಹೇಳಿದೆ. ದೊಡ್ಡಪ್ಪನ ಮನೆಯನ್ನು ಕಂಡಿದ್ದ ನನಗೆ ಅದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ. ಆದರೆ ಅಂದು ಆ ಹುಡುಗ ಕೇಳಿದ್ದು ಕುಡಿಯಬಹುದೇ ಎಂದಲ್ಲ. ಅವನು ಕೇಳಿದ್ದು ಇತಿಹಾಸವನ್ನು. ಮನೆಯಲ್ಲಿ ಮದ್ಯದ ಕೆಡುಕನ್ನು ನನಗಿಂತ ಹತ್ತಿರದಿಂದ ಕಂಡಿದ್ದ ಮಕ್ಕಳಿಗೆ, ಅದೇ ವಸ್ತುವನ್ನು ಅಳತೆ ಮಾಡಿ ಅರಿತವರ ಕಥೆಯನ್ನು ತಾಳಿಕೊಳ್ಳುವ ಶಕ್ತಿ ಇದ್ದೇ ಇತ್ತು. ಇಲ್ಲದಿದ್ದದ್ದು ನನಗೆ.

ಆದ್ದರಿಂದ 1998ರ ಹತ್ತನೆಯ ತರಗತಿಯವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಹಳೆಯ ಟಿಪ್ಪಣಿ ಪುಸ್ತಕ ಇನ್ನೂ ಉಳಿದಿದ್ದರೆ, "ಒಂದು ಪ್ರಯೋಗಾಲಯದಲ್ಲಿ" ಎಂಬುದನ್ನು ಹೊಡೆದುಹಾಕಿ "ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ" ಎಂದು ತಿದ್ದಿಕೊಳ್ಳಿ. ತಪ್ಪು ಮೇಷ್ಟ್ರದು, ಅಂಕ ಕಳೆಯುವುದಿಲ್ಲ.