ಹರಕೆ ಹೊತ್ತವರು, ಹರಸಲು ನಿಂತವರು



ಕನ್ನಡದಲ್ಲಿ ‘ಹರಕೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ‘ಈ ವರ್ಷ ಬೆಳೆ ಕೈಗೆ ಬಂದರೆ ಇಷ್ಟು ಒಪ್ಪಿಸುತ್ತೇನೆ’ ಎಂದು ದೇವರಿಗೆ ಹೇಳಿಕೊಳ್ಳುವುದು ಹರಕೆ. ಅಜ್ಜಿ ತಲೆಯ ಮೇಲೆ ಕೈಯಿಟ್ಟು ‘ಚೆನ್ನಾಗಿರಪ್ಪ’ ಎನ್ನುವುದೂ ಹರಕೆಯೇ. ಎರಡೂ ‘ಹರಸು’ ಎಂಬ ಒಂದೇ ಬೇರಿನಿಂದ ಚಿಗುರಿದವು. ಆದರೆ ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಇವು ಬೇರೆ ಬೇರೆ. ಮನುಷ್ಯ ದೇವರಿಗೆ ಕೊಡುವ ಮಾತು ‘ನೆದೆರ್’, ದೇವರಿಂದ ಬರುವ ಆಶೀರ್ವಾದ ‘ಬೆರಾಖಾ’. ಮಳೆ ನಂಬಿ ಕಡಲೆಕಾಯಿ ಬಿತ್ತುವ ನಮ್ಮ ರೊಳ್ಳ, ಮಡಕಶಿರಾ ಸೀಮೆಯ ಮನೆಗಳಲ್ಲಿ ಈ ಎರಡೂ ಒಂದರೊಳಗೊಂದು ಬೆರೆತುಹೋಗಿವೆ. ‘ಹರಕೆ ತೀರಿಸದಿದ್ದರೆ ದೇವರು ಹರಸುತ್ತಾರೋ ಇಲ್ಲವೋ’ ಎಂಬ ಹೆದರಿಕೆ ಹುಟ್ಟುವುದು ಅಲ್ಲಿಂದಲೇ. ಆದ್ದರಿಂದ ಇವುಗಳ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಇಸ್ರಯೇಲರಲ್ಲಿ ಯಾಜಕರ ಕೆಲಸ ಬಲಿಪೀಠದ ಮುಂದೆ ಮಾತ್ರ ಇರಲಿಲ್ಲ. ದೀಪ ಉರಿಸುವುದು, ಸಬ್ಬತ್ ದಿನ ಹನ್ನೆರಡು ರೊಟ್ಟಿಗಳನ್ನು ಹೊಸದಾಗಿ ಇಡುವುದು, ಚರ್ಮರೋಗದವರನ್ನು ಪರೀಕ್ಷಿಸುವುದು, ಇವೆಲ್ಲ ಅವರ ಪಾಲಿಗಿದ್ದವು. ರೋಗಿ ವಾಸಿಯಾದನೋ ಎಂದು ನೋಡಲು ಯಾಜಕನೇ ಪಾಳೆಯದ ಹೊರಗೆ ಹೋಗಬೇಕಿತ್ತು. ಆರೋನನ ವಂಶಕ್ಕೆ ಹೊಲದ ಪಾಲು ಇರಲಿಲ್ಲ. ಜನರು ತಂದ ಕಾಣಿಕೆಯಲ್ಲೇ ಅವರ ಊಟ. ಇಷ್ಟರ ಜೊತೆಗೆ ಇನ್ನೊಂದು ಕರ್ತವ್ಯವೂ ಇತ್ತು: ದೇವರ ಹೆಸರಿನಲ್ಲಿ ಜನರನ್ನು ಹರಸುವುದು.

ಹರಕೆಯ ವಿಷಯಕ್ಕೆ ಬಂದರೆ, ಧರ್ಮಶಾಸ್ತ್ರ ಯಾರನ್ನೂ ಬಲವಂತ ಮಾಡುವುದಿಲ್ಲ. ಹರಕೆ ಹೊರದಿದ್ದರೆ ಪಾಪವಿಲ್ಲ, ಹೊತ್ತರೆ ತಡಮಾಡದೆ ಸಲ್ಲಿಸಬೇಕು ಎನ್ನುತ್ತದೆ ಧರ್ಮೋಪದೇಶಕಾಂಡದ 23ನೇ ಅಧ್ಯಾಯ. ಸಂಖ್ಯಾಕಾಂಡದ 6ನೇ ಅಧ್ಯಾಯದಲ್ಲಿ ನಾಜೀರರ ಹರಕೆ ಬರುತ್ತದೆ. ಗಂಡಸರಾಗಲಿ ಹೆಂಗಸರಾಗಲಿ ಇದನ್ನು ಹೊರಬಹುದಿತ್ತು. ಹರಕೆ ಮುಗಿಯುವವರೆಗೆ ದ್ರಾಕ್ಷಾರಸವಷ್ಟೇ ಅಲ್ಲ, ಒಣದ್ರಾಕ್ಷಿಯನ್ನೂ ತಿನ್ನುವಂತಿಲ್ಲ. ತಲೆಗೆ ಕ್ಷೌರದ ಕತ್ತಿ ಸೋಕುವಂತಿಲ್ಲ. ಹೆತ್ತವರೇ ತೀರಿಕೊಂಡರೂ ಶವದ ಹತ್ತಿರ ಹೋಗುವಂತಿಲ್ಲ. ದಿನಗಳು ಪೂರೈಸಿದ ಮೇಲೆ ಮುಡಿ ತೆಗೆಸಿ, ಆ ಕೂದಲನ್ನು ಬಲಿಯ ಬೆಂಕಿಗೆ ಹಾಕುತ್ತಿದ್ದರು. ಮುಡಿ ಕೊಡುವುದು ಎಂದರೇನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ! ಇಲ್ಲಿ ಗಮನಿಸಬೇಕಾದದ್ದು, ಹರಕೆಗೆ ಒಂದು ಕೊನೆ ಇತ್ತು ಎಂಬುದು. ಅದು ಮುಗಿದ ಮೇಲೆ ಮನುಷ್ಯ ಬಿಡುಗಡೆಯಾಗಿ ಮನೆಗೆ ಹೋಗುತ್ತಿದ್ದ.

ಬಡವರಿಗೂ ದಾರಿ ಇತ್ತು. ಯಾಜಕಕಾಂಡದ 27ನೇ ಅಧ್ಯಾಯದ ಪ್ರಕಾರ ಒಬ್ಬ ವ್ಯಕ್ತಿಯನ್ನೇ ದೇವರಿಗೆ ಹರಕೆಯಾಗಿ ಒಪ್ಪಿಸಿದರೆ, ಅದಕ್ಕೆ ಬದಲಾಗಿ ಬೆಳ್ಳಿ ಕೊಡಬೇಕಿತ್ತು. 20ರಿಂದ 60 ವರ್ಷದ ಗಂಡಸಿಗೆ 50 ಶೆಕೆಲ್, ಹೆಂಗಸಿಗೆ 30 ಶೆಕೆಲ್. ಹರಕೆ ಹೊತ್ತವನಿಗೆ ಅಷ್ಟು ಶಕ್ತಿ ಇಲ್ಲದಿದ್ದರೆ? ಅವನ ಕೈಲಾಗುವಷ್ಟನ್ನೇ ಯಾಜಕನು ಗೊತ್ತುಮಾಡಬೇಕಿತ್ತು. ಸಾಲ ಮಾಡಿಸಿ ವಸೂಲಿ ಮಾಡು ಎಂದು ಶಾಸ್ತ್ರ ಹೇಳಲಿಲ್ಲ.

ಶೀಲೋವಿನಲ್ಲಿ ಹನ್ನಳ ಹರಕೆಯನ್ನು ನೆನೆಯಿರಿ. ಮಗುವಿಗಾಗಿ ಅತ್ತು ಬೇಡುತ್ತಿದ್ದ ಅವಳನ್ನು ಯಾಜಕ ಏಲಿ ಕುಡಿದವಳೆಂದು ಭಾವಿಸಿದ. ಅವನ ಮಕ್ಕಳಂತೂ ಬಲಿಯ ಮಾಂಸವನ್ನು ಬಲವಂತದಿಂದ ಕಿತ್ತುಕೊಳ್ಳುತ್ತಿದ್ದರು. ಆದರೂ ಅದೇ ಏಲಿಯ ಬಾಯಿಂದ ಅವಳಿಗೆ ಸಮಾಧಾನದ ಮಾತು ಬಂತು. ಅವಳು ಎದ್ದುಹೋಗಿ ಊಟ ಮಾಡಿದಳು, ಮುಖದ ದುಃಖ ಇಳಿಯಿತು. ಆಗಿನ್ನೂ ಮಗು ಹುಟ್ಟಿರಲಿಲ್ಲ, ಹರಕೆ ತೀರಿರಲಿಲ್ಲ! ಆಶೀರ್ವಾದ ಹರಕೆಗೆ ಕೊಡುವ ರಸೀದಿ ಅಲ್ಲ. ಅದು ಯಾಜಕನ ಸ್ವಂತ ಆಸ್ತಿಯೂ ಅಲ್ಲ.

ಇದನ್ನೇ ಸಂಖ್ಯಾಕಾಂಡದ ಅದೇ 6ನೇ ಅಧ್ಯಾಯ ಸ್ಪಷ್ಟಮಾಡುತ್ತದೆ. ನಾಜೀರರ ನಿಯಮ ಮುಗಿದ ಕೂಡಲೇ ಆರೋನನ ಆಶೀರ್ವಾದ ಬರುತ್ತದೆ. ಕಾಪಾಡುವಿಕೆ, ಕೃಪೆ, ಶಾಂತಿ ಇವನ್ನು ಬೇಡುವ ಮೂರು ಸಾಲುಗಳು. ಹೀಬ್ರೂವಿನಲ್ಲಿ 3, 5, 7, ಒಟ್ಟು 15 ಪದಗಳು. ಇದು ಹರಕೆ ಹೊತ್ತವರಿಗೆ ಮಾತ್ರವಲ್ಲ, ಇಡೀ ಜನಕ್ಕೆ. ಯಾಜಕರು ದೇವರ ಹೆಸರನ್ನು ಜನರ ಮೇಲೆ ಉಚ್ಚರಿಸುತ್ತಾರೆ, ಹರಸುವವರು ದೇವರೇ.

1979ರಲ್ಲಿ ಜೆರುಸಲೇಮಿನ ಕೆತೆಫ್ ಹಿನ್ನೋಮ್ ಎಂಬಲ್ಲಿ ಗಾಬ್ರಿಯೇಲ್ ಬರ್ಕಾಯ್ ಎಂಬ ಪುರಾತತ್ವಜ್ಞರು ಹಳೆಯ ಸಮಾಧಿಗಳನ್ನು ಅಗೆಸಿದಾಗ ಎರಡು ಪುಟ್ಟ ಬೆಳ್ಳಿ ಸುರುಳಿಗಳು ಸಿಕ್ಕವು. ಜೋಪಾನವಾಗಿ ಬಿಡಿಸಿ ನೋಡಿದರೆ ಇದೇ ಆಶೀರ್ವಾದದ ಮಾತುಗಳು! ಅವು ಸುಮಾರು 2,600 ವರ್ಷ ಹಳೆಯವು, ಮೃತ ಸಮುದ್ರದ ಸುರುಳಿಗಳಿಗಿಂತಲೂ ಹಿಂದಿನವು. ಯಾರೋ ಅದನ್ನು ತಾಯತದಂತೆ ಧರಿಸಿದ್ದಿರಬೇಕು.

ಆ ಮಾತು ಅಚ್ಚಾದ ಕನ್ನಡ ಬೈಬಲಿಗೆ ಬಂದದ್ದು ನಮ್ಮ ಹಳೆಯ ಜಿಲ್ಲಾಕೇಂದ್ರದಲ್ಲಿ. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ಮಡಕಶಿರಾ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ರಾಯದುರ್ಗ 1953ರವರೆಗೂ ಅಲ್ಲೇ ಇತ್ತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತರು. ಅವರೂ ವಿಲಿಯಂ ರೀವ್ ಅವರೂ ದುಡಿದು 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಇಂದು ನಮ್ಮ ಕಥೋಲಿಕ ದೇವಾಲಯಗಳಲ್ಲಿ ಪ್ರತಿ ಜನವರಿ 1ರ ಬಲಿಪೂಜೆಯ ಮೊದಲ ವಾಚನ ಇದೇ ಆರೋನನ ಆಶೀರ್ವಾದ.

ಹರಕೆಯ ಭಾರದಲ್ಲಿರುವ ಮನೆಯವರಿಗೆ ಒಂದು ಮಾತು. ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ಹರಕೆ ಅದನ್ನು ಹೊತ್ತವರನ್ನು ಮಾತ್ರ ಕಟ್ಟುತ್ತದೆ. ಅಮ್ಮ ಹೊತ್ತ ಹರಕೆ ಮಗನ ತಲೆಗೆ ಬರುವುದಿಲ್ಲ. ನ್ಯಾಯವಾದ ಕಾರಣವಿದ್ದರೆ ಧರ್ಮಕೇಂದ್ರದ ಗುರುಗಳೇ ಅದರಿಂದ ವಿನಾಯಿತಿ ಕೊಡಬಹುದು, ಸುಲಭವಾದ ಬೇರೊಂದು ಸತ್ಕಾರ್ಯಕ್ಕೆ ಬದಲಿಸಲೂಬಹುದು. ಅಂದು ಬಡವನ ಶಕ್ತಿ ನೋಡಿ ಲೆಕ್ಕ ಇಳಿಸಿದ ಯಾಜಕನ ಕೆಲಸವೇ ಇದು. ಬಡ್ಡಿಗೆ ಸಾಲ ತಂದು ಹರಕೆ ತೀರಿಸುವ ಮೊದಲು ಗುರುಗಳ ಹತ್ತಿರ ಹೋಗಿ ಮಾತಾಡೋಣ. ಕೊಟ್ಟ ಮಾತನ್ನು ಹಗುರಾಗಿ ಕಾಣುವುದು ಬೇಡ, ಹೆದರಿ ಬದುಕುವುದೂ ಬೇಡ. ಮುಂದಿನ ಜನವರಿ 1ರಂದು ಆ ಮೂರು ಸಾಲುಗಳನ್ನು ಕಿವಿಗೊಟ್ಟು ಕೇಳೋಣ. ಅವುಗಳಲ್ಲಿ ‘ಹೀಗಾದರೆ’ ಎಂಬ ಷರತ್ತು ಒಂದೂ ಇಲ್ಲ.