ಕಾಳಿ ಕಣಿವೆಯಿಂದ ಮೇಲ್ಮನೆಗೆ

2020ರ ಜೂನ್ ಕೊನೆಯಲ್ಲಿ ಐರ್ಲೆಂಡಿನ ಪ್ರಧಾನಿ ಮೀಹಾಲ್ ಮಾರ್ಟಿನ್ ತಮ್ಮ ಪಾಲಿಗಿದ್ದ 11 ಹೆಸರುಗಳನ್ನು ಅಲ್ಲಿನ ಮೇಲ್ಮನೆಯಾದ ಸೆನೆಟ್‌ಗೆ ನಾಮನಿರ್ದೇಶನ ಮಾಡಿದರು. ಅವುಗಳಲ್ಲಿ ಐಲೀನ್ ಫ್ಲಿನ್ ಅವರದೂ ಒಂದು. ಅವರು ಟ್ರಾವೆಲರ್ ಎಂಬ ಅಲೆಮಾರಿ ಸಮುದಾಯದಿಂದ ಐರಿಶ್ ಸಂಸತ್ತಿಗೆ ಬಂದ ಮೊದಲ ಹೆಣ್ಣುಮಗಳು. ಮುಂದಿನ ತಿಂಗಳೇ ಕರ್ನಾಟಕ ವಿಧಾನ ಪರಿಷತ್ತಿಗೆ ಐವರ ನಾಮನಿರ್ದೇಶನವಾಯಿತು. ಅವರಲ್ಲಿ ಒಬ್ಬರು ಯಲ್ಲಾಪುರ ತಾಲೂಕಿನ ಹಿತ್ಲಳ್ಳಿಯ ಶಾಂತಾರಾಮ ಸಿದ್ದಿ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದಿಂದ ಕರ್ನಾಟಕದ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲಿಗರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿದಿರುವ ಸಂಭವ ಕಡಿಮೆ. ಆದರೂ ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಮೇಲ್ಮನೆ ಯಾತಕ್ಕೆ ಎಂಬ ಹಳೆಯ ಪ್ರಶ್ನೆಗೆ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ಸೀಮೆಯಿಂದ ಒಂದು ಉತ್ತರ ಸಿಗುತ್ತದೆ. ಈ ಕಾಡಿನ ಸಣ್ಣ ಸಮುದಾಯಗಳಿಗೆ ಮತಗಳ ಲೆಕ್ಕಾಚಾರ ಉಳಿಸಿರುವ ಬಾಗಿಲು ಮೇಲ್ಮನೆ ಒಂದೇ. ಆ ಬಾಗಿಲು ಇಂದಿಗೂ ಹಕ್ಕಿನಿಂದ ತೆರೆಯುವುದಿಲ್ಲ, ಆಳುವವರ ದಯೆಯಿಂದ ತೆರೆಯುತ್ತದೆ. ಅದನ್ನು ಮುಚ್ಚುವುದಕ್ಕಿಂತ ಸರಿಪಡಿಸುವುದೇ ಸರಿ ಎಂಬುದು ಈ ಬರಹದ ವಾದ.

ಮೊದಲು ಲೆಕ್ಕ. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ, ವಿಧಾನಸಭೆಯ ಕ್ಷೇತ್ರಗಳು 224. ಒಂದು ಕ್ಷೇತ್ರಕ್ಕೆ ಸರಾಸರಿ 2.7 ಲಕ್ಷ ಜನ. ಜೊಯಿಡಾ ತಾಲೂಕು ವಿಸ್ತಾರದಲ್ಲಿ ಜಿಲ್ಲೆಗೇ ದೊಡ್ಡದು, ಜನ ಮಾತ್ರ ಸುಮಾರು 50 ಸಾವಿರ. ಹಾಗಾಗಿ ಅದು ಹಳಿಯಾಳ ಕ್ಷೇತ್ರದ ಬಾಲವಾಗಿ ಉಳಿಯಿತು, ಮುಂಡಗೋಡ ಯಲ್ಲಾಪುರ ಕ್ಷೇತ್ರಕ್ಕೆ ಸೇರಿತು. ಸಿದ್ದಿಗಳು ಇಡೀ ರಾಜ್ಯದಲ್ಲಿ ಹತ್ತು ಸಾವಿರದ ಆಸುಪಾಸು. ಅವರೂ ಒಂದೇ ಕಡೆ ಇಲ್ಲ. ಹಳಿಯಾಳದ ಸುತ್ತ ಮುಸ್ಲಿಂ ಮತ್ತು ಕ್ರೈಸ್ತ ಸಿದ್ದಿಗಳು, ಯಲ್ಲಾಪುರ, ಅಂಕೋಲಾ ಕಡೆ ಹಿಂದೂ ಸಿದ್ದಿಗಳು, ಜಿಲ್ಲೆಯ ಗಡಿಯಾಚೆ ಕಲಘಟಗಿ ಮತ್ತು ಖಾನಾಪುರ ತಾಲೂಕುಗಳಲ್ಲಿ ಅವರದೇ ನೆಂಟರಿಷ್ಟರು. ಪರಿಶಿಷ್ಟ ಪಂಗಡಕ್ಕೆ ಮೀಸಲಾದ 15 ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೂ ಉತ್ತರ ಕನ್ನಡದಲ್ಲಿಲ್ಲ. ರಾಜ್ಯದ 42 ಲಕ್ಷ ಪರಿಶಿಷ್ಟ ಪಂಗಡದವರಲ್ಲಿ ಹತ್ತು ಸಾವಿರ ಯಾವ ಮೂಲೆಗೆ? ಮೀಸಲು ಕ್ಷೇತ್ರ ಇದ್ದಿದ್ದರೂ ಅದು ದೊಡ್ಡ ಪಂಗಡದ ಪಾಲಾಗುತ್ತಿತ್ತು. ಇದರಲ್ಲಿ ಯಾರ ಕುತಂತ್ರವೂ ಇಲ್ಲ. ತಲೆ ಎಣಿಸುವ ಪದ್ಧತಿಯೇ ಹಾಗೆ.

ಆದರೆ ತಲೆ ಕಡಿಮೆ ಇರುವ ಈ ನೆಲದ ಮೇಲೆ ಬಿದ್ದ ಸರ್ಕಾರಿ ನಿರ್ಧಾರಗಳು ಕಡಿಮೆಯಲ್ಲ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಆಡಳಿತಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ರಾಜಧಾನಿ ಯಾವುದಾದರೂ ದೂರವೇ. ಕಾಡು ಕಡಿದು ಸುಟ್ಟು ಬೆಳೆಯುವ ಕುಮರಿ ಬೇಸಾಯಕ್ಕೆ ಕಡಿವಾಣ ಹಾಕಿದ್ದು ಬ್ರಿಟಿಷ್ ಅರಣ್ಯ ಇಲಾಖೆ. ಆ ಬೇಸಾಯ ನಂಬಿದ್ದ ಕುಣಬಿಗಳನ್ನು ಯಾವ ಸಭೆಯೂ ಕೇಳಲಿಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ 1950ರ ದಶಕದಲ್ಲಿ ಸರ್ಕಾರ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿಟ್ಟುಕೊಟ್ಟಿತು. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ನೂರಾರು ಪಟ್ಟು ತೆರುತ್ತಿದ್ದರು ಎಂದು ಮಾಧವ ಗಾಡ್ಗೀಳ್ ಬರೆದಿದ್ದಾರೆ. 1956ರಲ್ಲಿ ದಾಂಡೇಲಿ ಅಭಯಾರಣ್ಯವಾಯಿತು, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ. ಈ ನಡುವೆ ಕಾಳಿ ನದಿಯ ಜಲವಿದ್ಯುತ್ ಯೋಜನೆ ಬಂತು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿಂದೆ ಹಳೆಯ ಸೂಪಾ ಪೇಟೆಯೇ ಮುಳುಗಿತು, ತಾಲೂಕು ಕೇಂದ್ರ ಜೊಯಿಡಾಕ್ಕೆ ಸರಿಯಿತು, ನಿರಾಶ್ರಿತರು ರಾಮನಗರಕ್ಕೆ ಹೋದರು. ನಾಗಝರಿ ವಿದ್ಯುದಾಗಾರಕ್ಕಾಗಿ ಕಾಡಿನ ನಡುವೆ ಅಂಬಿಕಾನಗರ ಎದ್ದು ನಿಂತಿತು, ವಿದ್ಯುತ್ ನಿಗಮದ (ಕೆಪಿಸಿ) ಕಾಲೊನಿ, ಶಾಲೆ, ಆಸ್ಪತ್ರೆ ಎಲ್ಲ ಸಮೇತ. ಅಲ್ಲಿನ ಆರು ಘಟಕಗಳ ಸಾಮರ್ಥ್ಯ 850 ಮೆಗಾವ್ಯಾಟ್‌ಗೂ ಹೆಚ್ಚು. ರಾಜ್ಯದ ದೊಡ್ಡ ಜಲವಿದ್ಯುತ್ ಕೇಂದ್ರಗಳಲ್ಲಿ ಅದೊಂದು. ಕಾಗದ ಬೇಕಿತ್ತು, ಕರೆಂಟು ಬೇಕಿತ್ತು, ಹುಲಿಯೂ ಬೇಕು. ಇವುಗಳಲ್ಲಿ ಒಂದನ್ನೂ ತಪ್ಪು ಎನ್ನಲಾಗದು. ಆದರೆ ಇವೆಲ್ಲ ತೀರ್ಮಾನವಾದ ಹೊತ್ತಿಗೆ ಯಾವ ಸದನದಲ್ಲೂ ಒಬ್ಬ ಸಿದ್ದಿಯಾಗಲಿ ಕುಣಬಿಯಾಗಲಿ ದನ ಸಾಕುವ ಗೌಳಿಯಾಗಲಿ ಕೂತಿರಲಿಲ್ಲ ಎಂಬುದು ಗಮನಿಸಬೇಕಾದ ಮಾತು.

ಕೂತಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಣೆಕಟ್ಟಿಗಿಂತ ಸ್ಪಷ್ಟವಾದ ಸಾಕ್ಷಿ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದೆ. ಸಂವಿಧಾನದ 342ನೇ ವಿಧಿಯ ಪ್ರಕಾರ ಒಮ್ಮೆ ಹೊರಟ ಪಟ್ಟಿಗೆ ಹೆಸರು ಸೇರಿಸಲು, ತೆಗೆಯಲು ಸಂಸತ್ತಿಗೆ ಮಾತ್ರ ಅಧಿಕಾರ. ಗೋವಾದ ಪಟ್ಟಿಯಲ್ಲಿ ಸಿದ್ದಿಗಳ ಹೆಸರು 1968ರಲ್ಲೇ ಬಂತು. ಗೋವಾದ ಪೋರ್ಚುಗೀಸ್ ಯಜಮಾನರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮರಿಮಕ್ಕಳೇ ಇಲ್ಲಿ ಹೆಚ್ಚಿರುವಾಗ, ಉತ್ತರ ಕನ್ನಡದ ಸಿದ್ದಿಗಳ ಹೆಸರು ಬಂದದ್ದು 35 ವರ್ಷ ತಡವಾಗಿ, 2003ರಲ್ಲಿ. ಅದೂ ಜಿಲ್ಲೆಯ ಗಡಿ ಹಾಕಿದ ಹೆಸರು. ಹಳಿಯಾಳದಲ್ಲಿರುವ ಅಣ್ಣ ಪರಿಶಿಷ್ಟ ಪಂಗಡ, ಕಲಘಟಗಿಗೆ ಹೋಗಿ ನೆಲೆಸಿದ ತಮ್ಮ ಅಲ್ಲ! ಈ ವಿಚಿತ್ರ ಸರಿಹೋಗಲು ಇನ್ನೂ 17 ವರ್ಷ ಬೇಕಾಯಿತು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸುವ ಮಸೂದೆ 2019ರ ಡಿಸೆಂಬರಿನಲ್ಲಿ ಮೊದಲು ರಾಜ್ಯಸಭೆಯಲ್ಲಿ ಒಪ್ಪಿಗೆ ಪಡೆದು, 2020ರ ಫೆಬ್ರವರಿಯಲ್ಲಿ ಲೋಕಸಭೆ ದಾಟಿತು. ಇನ್ನು ಕುಣಬಿಗಳ ಕಥೆ. 2003ರ ಅದೇ ಕಾಯ್ದೆ ಗೋವಾದ ಕುಣಬಿ, ಗಾವಡಾ, ವೇಳಿಪ ಸಮುದಾಯಗಳನ್ನು ಪರಿಶಿಷ್ಟ ಪಂಗಡವೆಂದು ಸೇರಿಸಿಕೊಂಡಿತು. ಗಡಿಯ ಈಚೆ ಜೊಯಿಡಾದಲ್ಲಿ ಅದೇ ಮಾತು, ಅದೇ ದೇವರು, ಅದೇ ಗೆಡ್ಡೆಗೆಣಸು ಬೆಳೆಯುವ ಕುಣಬಿಗಳು ಹೊರಗುಳಿದರು. ಒಂದು ಸಾಲು ತಿದ್ದುವ ಕೆಲಸ ಇದು. ಹಣದ ಪ್ರಶ್ನೆಯಲ್ಲ, ಸರ್ಕಾರ ಉರುಳುವ ಪ್ರಶ್ನೆಯೂ ಅಲ್ಲ. ಇಂಥ ಸಾಲು ತಿದ್ದಲು ಬೇಕಾದದ್ದು ಬಹುಮತಕ್ಕಿಂತ ಹೆಚ್ಚಾಗಿ ಬಿಡದೆ ಕೇಳುವ ಒಂದು ಬಾಯಿ.

ಈ ಜಿಲ್ಲೆಗೂ ಮೇಲ್ಮನೆಗೂ ನಂಟೇ ಇರಲಿಲ್ಲವೆಂದಲ್ಲ. ಕೆನರಾ ಕ್ಷೇತ್ರದಿಂದ 1952, 1957, 1962ರಲ್ಲಿ ಲೋಕಸಭೆಗೆ ಗೆದ್ದ ಜೋಕಿಂ ಆಳ್ವ 1968ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಅವರ ಪತ್ನಿ ವಯಲೆಟ್ ಆಳ್ವ 1952ರಿಂದಲೇ ರಾಜ್ಯಸಭೆಯಲ್ಲಿದ್ದು, 1962ರಿಂದ 1969ರವರೆಗೆ ಅದರ ಉಪಸಭಾಪತಿಯಾಗಿದ್ದರು. ಸೊಸೆ ಮಾರ್ಗರೆಟ್ ಆಳ್ವ 1974ರಿಂದ 1998ರವರೆಗೆ ರಾಜ್ಯಸಭಾ ಸದಸ್ಯೆ. ಅವರು ಕ್ರೀಡಾ ಖಾತೆಯ ಸಚಿವೆಯಾಗಿದ್ದಾಗಲೇ, 1987ರಲ್ಲಿ, ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಮೇಲ್ಮನೆಯಿಂದ ಬಂದ ಒಬ್ಬ ಸಚಿವೆ ದಿಲ್ಲಿಯ ಕಣ್ಣಿಗೆ ಬೀಳದ ಸಮುದಾಯವನ್ನು ನೋಡಿದರು, ಇದು ನಿಜವಾದ ಕೊಡುಗೆ. ಆದರೆ ಆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು, ಓಡುತ್ತಿದ್ದ ಹುಡುಗರು ಹುಡುಗಿಯರು ಊರಿಗೆ ಮರಳಿದರು. ಆಫ್ರಿಕಾ ಮೂಲದವರಾದ್ದರಿಂದ ಚೆನ್ನಾಗಿ ಓಡಿಯಾರು ಎಂಬ ಊಹೆಯ ಮೇಲೆ ನಿಂತ ಯೋಜನೆ ಅದು. ಸಿದ್ದಿಯೊಬ್ಬರೇ ಸದನದಲ್ಲಿದ್ದಿದ್ದರೆ ಓಟದ ಮೈದಾನಕ್ಕಿಂತ ಮೊದಲು ಜಮೀನಿನ ಪಟ್ಟಾ ಕೇಳುತ್ತಿದ್ದರು ಎಂದು ನನ್ನ ಎಣಿಕೆ. ಒಂದು ಸಮುದಾಯದ ಬಗ್ಗೆ ಮಾತಾಡುವವರಿಗೂ ಅದರ ಒಳಗಿನಿಂದ ಮಾತಾಡುವವರಿಗೂ ಇರುವ ಅಂತರ ಅಷ್ಟು.

ಐರ್ಲೆಂಡಿನ ಸೆನೆಟ್ ಹುಟ್ಟಿದ್ದೇ ಈ ಅಂತರ ತುಂಬಲಿಕ್ಕೆ. 1922ರಲ್ಲಿ ಹೊಸ ದೇಶವಾದಾಗ ಕ್ಯಾಥೊಲಿಕ್ ಬಹುಮತದ ನಡುವೆ ಪ್ರಾಟೆಸ್ಟಂಟ್ ಅಲ್ಪಸಂಖ್ಯಾತರಿಗೆ ಭರವಸೆ ಕೊಡಬೇಕಿತ್ತು. 60 ಸ್ಥಾನಗಳ ಆ ಸದನದ ಅರ್ಧವನ್ನು ಮೊದಲ ಸಲ ಸರ್ಕಾರವೇ ನಾಮಕರಣ ಮಾಡಿತು; ಕವಿ ಯೇಟ್ಸ್ ಹಾಗೆ ಬಂದವರು. 1925ರ ಜೂನ್‌ನಲ್ಲಿ ವಿಚ್ಛೇದನ ನಿಷೇಧದ ವಿರುದ್ಧ ಅವರು ಮಾತಾಡಿದರು, ಸೋತರು. 1937ರ ಸಂವಿಧಾನ ಆ ನಿಷೇಧವನ್ನು ಇನ್ನಷ್ಟು ಗಟ್ಟಿ ಮಾಡಿತು. 1995ರ ಜನಮತಗಣನೆಯಲ್ಲಿ ಅದು ಬಿತ್ತು, ಭಾಷಣವಾಗಿ 70 ವರ್ಷದ ಮೇಲೆ. ಆ ಮೊದಲ ಸೆನೆಟ್ಟನ್ನು 1936ರಲ್ಲಿ ರದ್ದು ಮಾಡಿದ ಅಂದಿನ ಸರ್ಕಾರದ ಮುಖ್ಯಸ್ಥ ಡಿ ವಲೇರಾ ಅವರೇ ಮರುವರ್ಷ ಹೊಸ ಸಂವಿಧಾನದಲ್ಲಿ ಇನ್ನೊಂದನ್ನು ಕಟ್ಟಿದರು. ಅದರಲ್ಲೂ 60 ಸ್ಥಾನ, 11 ಪ್ರಧಾನಿಯ ನಾಮನಿರ್ದೇಶನಕ್ಕೆ. ಮಂಗಳೂರಿನ ಬೆನಗಲ್ ನರಸಿಂಗ ರಾಯರು ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಡಬ್ಲಿನ್‌ಗೂ ಹೋಗಿ ಡಿ ವಲೇರಾರನ್ನು ಕಂಡು ಬಂದರು. ನಿರ್ದೇಶಕ ತತ್ತ್ವಗಳ ಜೊತೆಗೆ ರಾಜ್ಯಸಭೆಗೆ ನಾಮನಿರ್ದೇಶನ ಮಾಡುವ ಪದ್ಧತಿಗೂ ಐರಿಶ್ ಮಾದರಿಯೇ ಆಧಾರ. ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲೂ ನಾಮನಿರ್ದೇಶನದವು 11. ಟ್ರಾವೆಲರ್‌ಗಳನ್ನು ಪ್ರತ್ಯೇಕ ಜನಾಂಗೀಯ ಸಮುದಾಯವೆಂದು ಐರಿಶ್ ಸರ್ಕಾರ ಮಾನ್ಯ ಮಾಡಿದ್ದು 2017ರ ಮಾರ್ಚ್‌ನಲ್ಲಿ, ಸದನದಲ್ಲಿ ಕುರ್ಚಿ ಸಿಕ್ಕಿದ್ದು 2020ರಲ್ಲಿ. ಸಿದ್ದಿಗಳಿಗೆ ಮಾನ್ಯತೆ 2003ರಲ್ಲಿ, ಕುರ್ಚಿ ಅದೇ 2020ರಲ್ಲಿ. ಎರಡೂ ಕಡೆ ಹೆಸರು ಮೊದಲು, ದನಿ ಆಮೇಲೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರೂ ಬಲ್ಲದ್ದು: ನಾಮನಿರ್ದೇಶನವೆಂದರೆ ಹಿಂಬಾಗಿಲು, ಸೋತವರಿಗೆ ಪುನರ್ವಸತಿ. ಈ ಆಕ್ಷೇಪದಲ್ಲಿ ಸತ್ಯವಿದೆ. 171ನೇ ವಿಧಿ ಹೇಳುವುದು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆ ಬಲ್ಲವರನ್ನು ತನ್ನಿ ಎಂದು. ರಾಜಕೀಯ ಸಮಾಧಾನಕ್ಕೆ ಬಳಸಿ ಎಂದಲ್ಲ. ಶಾಂತಾರಾಮ ಸಿದ್ದಿಯವರ ಜೊತೆಗೇ ಬಂದ ಎ.ಎಚ್. ವಿಶ್ವನಾಥ್ ಪಕ್ಷಾಂತರದಿಂದ ಶಾಸಕತ್ವ ಕಳೆದುಕೊಂಡು, ಉಪಚುನಾವಣೆಯಲ್ಲಿ ಸೋತವರು. ನಾಮನಿರ್ದೇಶನದ ದಾರಿಯಿಂದ ಅವರು ಮಂತ್ರಿಯಾಗಲಾಗದು ಎಂದು 2020ರ ನವೆಂಬರಿನಲ್ಲಿ ಹೈಕೋರ್ಟು ಹೇಳಿತು, ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನಾಮನಿರ್ದೇಶನದ ಒಂದೇ ಆದೇಶದಲ್ಲಿ ಪದ್ಧತಿಯ ಒಳ್ಳೆಯ ಬಳಕೆಯೂ ಇತ್ತು, ಪ್ರಶ್ನಾರ್ಹ ಬಳಕೆಯೂ ಇತ್ತು. ಆದರೆ ಹಿಂಬಾಗಿಲೆಂದು ಮುಚ್ಚಿಬಿಟ್ಟರೆ ನಷ್ಟ ಯಾರಿಗೆ? ಸೋತ ರಾಜಕಾರಣಿಗೆ ನಿಗಮವಿದೆ, ಮಂಡಳಿಯಿದೆ, ಮುಂದಿನ ಚುನಾವಣೆಯಿದೆ. ಸಿದ್ದಿಗಳಿಗೆ ಇನ್ನೊಂದು ದಾರಿ ಇಲ್ಲ. ತಮಿಳುನಾಡು, ಪಶ್ಚಿಮ ಬಂಗಾಳ, ಪಂಜಾಬ್ ತಮ್ಮ ಪರಿಷತ್ತುಗಳನ್ನು ತೆಗೆದುಹಾಕಿವೆ. ಐರ್ಲೆಂಡಿನಲ್ಲಿ 2013ರ ಅಕ್ಟೋಬರಿನಲ್ಲಿ ಸೆನೆಟ್ ಬೇಡವೇ ಎಂದು ಜನರನ್ನೇ ಕೇಳಿದಾಗ ಶೇಕಡಾ 51.7 ಮಂದಿ ಇರಲಿ ಎಂದರು. ಕೂದಲೆಳೆಯಲ್ಲಿ ಉಳಿದ ಆ ಸದನವೇ ಏಳು ವರ್ಷದ ನಂತರ ಫ್ಲಿನ್ ಅವರಿಗೆ ಜಾಗ ಕೊಟ್ಟಿತು.

ಎರಡನೆಯ ಆಕ್ಷೇಪ ಸ್ಥಳೀಯವಾದದ್ದು. ಹಳಿಯಾಳದಿಂದ ಆರ್.ವಿ. ದೇಶಪಾಂಡೆಯವರಂಥ ಹಿರಿಯ ಮಂತ್ರಿಗಳು ಬಂದಿದ್ದಾರೆ, ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಅದೇ ಊರಿನ ಘೋಟ್ನೇಕರ್ ಪರಿಷತ್ತಿನಲ್ಲಿದ್ದರು, ಹಾಗಿರುವಾಗ ಈ ಸೀಮೆಗೆ ದನಿಯಿಲ್ಲ ಎನ್ನಬಹುದೇ? ಸೀಮೆಗೆ ದನಿಯಿದೆ, ಒಪ್ಪಲೇಬೇಕು. ಆದರೆ ಲಕ್ಷಾಂತರ ಮತದಾರರ ಪ್ರತಿನಿಧಿಯ ಮುಂದೆ ರಸ್ತೆ, ಕಬ್ಬಿನ ಬಾಕಿ, ಕಾರ್ಖಾನೆಯ ಕಾರ್ಮಿಕರು, ನೀರಾವರಿ ಎಲ್ಲ ಸರದಿಯಲ್ಲಿ ನಿಂತಿರುತ್ತವೆ. ಪಂಗಡಗಳ ಪಟ್ಟಿಯ ಒಂದು ಸಾಲು ಆ ಸರದಿಯ ಕೊನೆಯಲ್ಲಿ. ಒಂದು ಮತದಿಂದ ಪರಿಷತ್ತಿನಲ್ಲಿ ಏನೂ ಆಗದು, ಹಣಕಾಸು ಮಸೂದೆಯನ್ನು 14 ದಿನಕ್ಕಿಂತ ಹೆಚ್ಚು ತಡೆಹಿಡಿಯುವ ಶಕ್ತಿಯೂ ಆ ಸದನಕ್ಕಿಲ್ಲ ಎಂಬುದೂ ನಿಜ. ಆದರೆ ಇಂಥ ಸದಸ್ಯರ ಕೆಲಸ ಮತದಲ್ಲಿಲ್ಲ, ಪ್ರಶ್ನೆಯಲ್ಲಿದೆ. ಪ್ರಶ್ನೆ ಕೇಳಿದರೆ ಮಂತ್ರಿ ಬರೆದು ಉತ್ತರಿಸಬೇಕು, ಉತ್ತರಿಸಲು ಇಲಾಖೆ ಕಡತ ಹುಡುಕಬೇಕು, ಹುಡುಕಿದ್ದು ಸದನದ ದಾಖಲೆಯಾಗುತ್ತದೆ. ಫ್ಲಿನ್ ಟ್ರಾವೆಲರ್‌ಗಳ ಸಮಸ್ಯೆಗಳ ಜಂಟಿ ಸಮಿತಿಯ ಅಧ್ಯಕ್ಷೆಯಾಗಿ ವಸತಿ, ಆರೋಗ್ಯ, ಶಿಕ್ಷಣ, ಉದ್ಯೋಗಗಳ ಮೇಲೆ ಸಾಕ್ಷ್ಯ ಕೇಳಿ 2021ರಲ್ಲಿ ವರದಿ ಕೊಟ್ಟರು. ನಮ್ಮ ಪರಿಷತ್ತಿಗೂ ಸಮಿತಿ ರಚಿಸುವ ಅಧಿಕಾರವಿದೆ. ಕಾಳಿ ಕಣಿವೆಯ ಅರಣ್ಯ ಹಕ್ಕಿನ ಅರ್ಜಿಗಳ ಬಗ್ಗೆ ಅಂಥದೊಂದು ಸಮಿತಿ ಅಂಬಿಕಾನಗರದ ಅತಿಥಿಗೃಹದಲ್ಲಿ ಕೂತು ಸಾಕ್ಷ್ಯ ಕೇಳಲು ಯಾವ ಕಾನೂನೂ ಅಡ್ಡಬರುವುದಿಲ್ಲ.

ಮೂರನೆಯದು ನಿಜವಾಗಿ ತೊಡಕಿನ ಪ್ರಶ್ನೆ: ಪಕ್ಷ ಕೊಟ್ಟ ಕುರ್ಚಿಯಲ್ಲಿ ಕೂತವರು ಪಕ್ಷಕ್ಕೆ ಇರಿಸುಮುರಿಸಾಗುವ ಮಾತು ಆಡಬಲ್ಲರೇ? ಫ್ಲಿನ್ ಪಕ್ಷೇತರರಾಗಿಯೇ ಉಳಿದರು, 2025ರಲ್ಲಿ ಚುನಾವಣೆಗೆ ನಿಂತು ಗೆದ್ದು ಸೆನೆಟ್‌ಗೆ ಮರಳಿದರು. ದಯೆಯಿಂದ ಒಳಬಂದವರು ಸ್ವಂತ ಬಲದ ಮೇಲೆ ನಿಂತದ್ದು ಹಾಗೆ. ನಮ್ಮಲ್ಲಿ ನಾಮನಿರ್ದೇಶಿತರು ಆರು ತಿಂಗಳೊಳಗೆ ಪಕ್ಷ ಸೇರಬಹುದು. ಸೇರಿದ ಮೇಲೆ ಪಕ್ಷದ ವಿಪ್ ಅವರಿಗೂ ಅನ್ವಯ. ಆರು ವರ್ಷ ಕಳೆದ ಮೇಲೆ ಕುರ್ಚಿ ಮತ್ತೆ ಸರ್ಕಾರದ ಕೈಗೆ, ಅದು ಸಿದ್ದಿಗಳಿಗೇ ಬರಲಿ ಎಂಬ ನಿಯಮವಿಲ್ಲ. 2020ರಲ್ಲಿ ಆದದ್ದು ಒಬ್ಬ ವ್ಯಕ್ತಿಗೆ ಸಂದ ಗೌರವವೋ ಒಂದು ಜನಕ್ಕೆ ಸಿಕ್ಕ ಸ್ಥಾನವೋ ಎಂಬುದು ಮುಂದಿನ ಹೆಸರು ಬಂದಾಗ ತೀರ್ಮಾನವಾಗುತ್ತದೆ. ಹನ್ನೊಂದರಲ್ಲಿ ಒಂದು ಸ್ಥಾನವನ್ನು ಮತಸಂಖ್ಯೆಯಿಂದ ಎಂದೂ ಗೆಲ್ಲಲಾಗದ ಬುಡಕಟ್ಟುಗಳಿಗೆ, ಸರದಿಯ ಮೇಲೆ, ಎಂದು ರೂಢಿ ಮಾಡಲು ಸಂವಿಧಾನ ತಿದ್ದಬೇಕಿಲ್ಲ. ಸಂಪುಟದ ಒಂದು ನಿರ್ಣಯ ಸಾಕು. ಯಾವ ಪಕ್ಷದ ಸರ್ಕಾರವಿದ್ದರೂ ಕೇಳಬೇಕಾದದ್ದು ಇಷ್ಟು: ರಾಜ್ಯಪಾಲರಿಗೆ ಕಳಿಸುವ ಮುಂದಿನ ಪಟ್ಟಿಯಲ್ಲಿ ಜೊಯಿಡಾದ ಕುಣಬಿಯೊಬ್ಬರ ಹೆಸರಿರಲಿ. ಗೋವಾದ ಕುಣಬಿಗಳು ಪರಿಶಿಷ್ಟ ಪಂಗಡವಾಗಿ ಎರಡು ದಶಕ ದಾಟಿತು, ಜೊಯಿಡಾದ ಕುಣಬಿಗಳು ಇಂದಿಗೂ ಕರ್ನಾಟಕದ ಪಟ್ಟಿಯ ಹೊರಗೇ ಇದ್ದಾರೆ.